ಮುರಿದ ವಿಮಾನ ಮತ್ತೆ ಹಾರುವ ಮುನ್ನ

*ಇಂದಿನ ಧಮ್ಮ ಚಿಂತನೆ*





ಇಂದು ಒಂದು ಹಳೆಯ ವಿಮಾನದ ಕಥೆಯನ್ನು ಮುಂದಿಟ್ಟುಕೊಂಡು ಧಮ್ಮವನ್ನು ನೋಡೋಣ. ಅದರ ಹೆಸರು ಸೀ ವಿಕ್ಸನ್. ಬ್ರಿಟನ್ನಿನ ನೌಕಾಪಡೆ 1959ರಿಂದ 1972ರವರೆಗೆ ಯುದ್ಧನೌಕೆಗಳ ಮೇಲಿಂದ ಹಾರಿಸುತ್ತಿದ್ದ ಎರಡು ಎಂಜಿನ್ನಿನ ಜೆಟ್ ಯುದ್ಧವಿಮಾನ. ಆ ಜಾತಿಯ ವಿಮಾನಗಳಲ್ಲಿ ಕೊನೆಗೆ ಇಡೀ ಪ್ರಪಂಚದಲ್ಲಿ ಹಾರುವ ಸ್ಥಿತಿಯಲ್ಲಿ ಉಳಿದದ್ದು ಒಂದೇ ಒಂದು.

2017ರ ಮೇ 27ರಂದು ಅದು ಡಕ್ಸ್‌ಫರ್ಡ್‌ನ ಪ್ರದರ್ಶನ ಮುಗಿಸಿ ಯೋವಿಲ್ಟನ್ ನೆಲೆಗೆ ಮರಳುತ್ತಿತ್ತು. ಹೈಡ್ರಾಲಿಕ್ ವ್ಯವಸ್ಥೆ ಕೈಕೊಟ್ಟಿತು. ಚಕ್ರಗಳು ಕೆಳಗಿಳಿಯಲಿಲ್ಲ. ಪೈಲಟ್ ಗಾಬರಿಯಾಗದೆ ವಿಮಾನವನ್ನು ಹೊಟ್ಟೆಯ ಮೇಲೆಯೇ ರನ್‌ವೇಗೆ ಇಳಿಸಿದರು. ಅವರಿಗೆ ಗಾಯವಾಗಲಿಲ್ಲ. ವಿಮಾನ ಮಾತ್ರ ನೆಲಕ್ಕೆ ಉಜ್ಜಿಕೊಂಡು ಹೋಗಿ ನಿಂತಿತು. ಅಂದಿನಿಂದ ವರ್ಷಗಳು ಉರುಳಿದವು, ಅದು ನೆಲದ ಮೇಲೇ ಉಳಿಯಿತು.

ಬಿದ್ದದ್ದನ್ನು ಮತ್ತೆ ಎಬ್ಬಿಸುವುದು ಹೇಗೆ? ಈ ಪ್ರಶ್ನೆ ವಿಮಾನಕ್ಕೂ ಇದೆ, ಮನುಷ್ಯನಿಗೂ ಇದೆ, ಸಮುದಾಯಕ್ಕೂ ಇದೆ.

*ಮೊದಲನೆಯದು: ಕಾರಣ ಹುಡುಕು*

ವಿಮಾನ ಬಿದ್ದರೆ ತನಿಖೆ ಮಾಡುವವರು ಪಂಚಾಂಗ ತೆರೆಯುವುದಿಲ್ಲ. ಪೈಲಟ್‌ನ ಹಿಂದಿನ ಜನ್ಮದ ಪಾಪ ಎಷ್ಟು ಎಂದು ಕೇಳುವುದಿಲ್ಲ. ಪಂಪು, ಕೊಳವೆ, ಸೀಲು, ಲೋಹ, ಎಲ್ಲವನ್ನೂ ಬಿಡಿಸಿ ನೋಡುತ್ತಾರೆ. ಬ್ರಿಟನ್ನಿನ ವಿಮಾನ ಅಪಘಾತ ತನಿಖಾ ಸಂಸ್ಥೆಯ ವರದಿಗಳ ಉದ್ದೇಶವೂ ಅಷ್ಟೇ: ಯಾರ ಮೇಲಾದರೂ ತಪ್ಪು ಹೊರಿಸುವುದಲ್ಲ, ಮತ್ತೊಮ್ಮೆ ಹೀಗಾಗದಂತೆ ನೋಡಿಕೊಳ್ಳುವುದು. ದುಃಖವಿದೆ, ಅದಕ್ಕೆ ಕಾರಣವಿದೆ, ಕಾರಣ ನಿಂತರೆ ದುಃಖವೂ ನಿಲ್ಲುತ್ತದೆ, ಅದಕ್ಕೆ ದಾರಿಯಿದೆ. ಭಗವಾನ್ ಬುದ್ಧರ ನಾಲ್ಕು ಆರ್ಯಸತ್ಯಗಳ ಕ್ರಮವೂ ಇದೇ ಅಲ್ಲವೇ?

ಇದೇ ಸೀ ವಿಕ್ಸನ್‌ನ ಮೊದಲ ಮಾದರಿ 1952ರ ಸೆಪ್ಟೆಂಬರ್ 6ರಂದು ಫಾರ್ನ್‌ಬರೋ ಪ್ರದರ್ಶನದಲ್ಲಿ ಆಕಾಶದಲ್ಲೇ ಒಡೆದು ಚೂರಾಯಿತು. ಒಳಗಿದ್ದ ಇಬ್ಬರೂ, ನೋಡಲು ನಿಂತಿದ್ದ 29 ಜನರೂ ಸತ್ತರು. ರೆಕ್ಕೆಯ ರಚನೆಯಲ್ಲಿ ದೌರ್ಬಲ್ಯವಿತ್ತು ಎಂಬುದು ಪತ್ತೆಯಾಯಿತು. ವಿನ್ಯಾಸ ಬದಲಾಯಿತು. ಪ್ರದರ್ಶನಗಳಲ್ಲಿ ಜನರ ರಕ್ಷಣೆಯ ನಿಯಮಗಳು ಬಿಗಿಯಾದವು. ಸತ್ತವರನ್ನು ಮರಳಿ ತರಲು ಆಗಲಿಲ್ಲ, ಆದರೆ ಅವರ ಸಾವಿಗೆ "ವಿಧಿ" ಎಂದು ಹೆಸರಿಟ್ಟು ಯಾರೂ ಕೈತೊಳೆದುಕೊಳ್ಳಲಿಲ್ಲ.

ಈಗ ನಮ್ಮ ಕಡೆ ತಿರುಗಿ ನೋಡಿ. ಮ್ಯಾನ್‌ಹೋಲ್‌ಗೆ ಇಳಿದ ನಮ್ಮ ಅಣ್ಣತಮ್ಮಂದಿರು ಉಸಿರುಗಟ್ಟಿ ಸಾಯುತ್ತಾರೆ. ಮನುಷ್ಯರನ್ನು ಹಾಗೆ ಇಳಿಸುವುದನ್ನು ತಡೆಯಲು 2013ರ ಕಾನೂನೇ ಇದೆ. ಆದರೂ ಮನೆಯ ಬಾಗಿಲಲ್ಲಿ ಕೇಳಿಬರುವ ಮಾತು ಯಾವುದು? "ಏನು ಮಾಡೋದವ್ವ, ಅವನ ಹಣೆಬರಹ." ಒಂದು ಯಂತ್ರ ಕೆಟ್ಟರೆ ನೂರು ಕಾರಣ ಹುಡುಕುವ ಲೋಕ, ನಮ್ಮವನು ಸತ್ತರೆ ಹಣೆಯ ಮೇಲಿನ ಬರಹ ಓದುತ್ತದೆ. ಹಿಂದಿನ ಜನ್ಮದ ಕರ್ಮದ ಮಾತನ್ನು ಬಾಬಾಸಾಹೇಬರು ಒಪ್ಪದೇ ಇದ್ದದ್ದು ಇದಕ್ಕೇ. ಆ ಮಾತು ಸಮಾಜವನ್ನು ಹೊಣೆಯಿಂದ ಬಿಡಿಸಿಬಿಡುತ್ತದೆ. ಒಳಗೆ ವಿಷಾನಿಲವಿತ್ತು, ಮೇಲಿದ್ದವನು ಸಲಕರಣೆ ಕೊಡಲಿಲ್ಲ, ಕಾನೂನು ಕಾಗದದಲ್ಲಿ ಮಲಗಿತ್ತು. ಇವು ಕಾರಣಗಳು. ಕಾರಣ ಹೇಳಿದಾಗ ಮಾತ್ರ ದುರಸ್ತಿ ಶುರುವಾಗುತ್ತದೆ.

*ಎರಡನೆಯದು: ಬಣ್ಣ ಬಳಿಯುವ ಮುನ್ನ ಒಳಗೆ ನೋಡು*

ಹೊಟ್ಟೆಯ ಮೇಲೆ ಇಳಿದ ವಿಮಾನದಲ್ಲಿ ಕಣ್ಣಿಗೆ ಕಾಣುವುದು ಸವೆದ ತಗಡು. ತಗಡು ಬದಲಿಸಿ ಬಣ್ಣ ಹೊಡೆದರೆ ಫೋಟೋಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಪೆಟ್ಟು ಒಳಗಿನ ಅಸ್ಥಿಪಂಜರದವರೆಗೂ ಹೋಗಿರುತ್ತದೆ. ಚೌಕಟ್ಟು ಕೂದಲೆಳೆಯಷ್ಟು ಸೊಟ್ಟಗಾಗಿದೆಯೇ ಎಂದು ಅಳೆಯಬೇಕು. ಕಣ್ಣಿಗೆ ಕಾಣದ ಬಿರುಕುಗಳನ್ನು ಬಣ್ಣದ ದ್ರವ ಹಚ್ಚಿ, ಶಬ್ದತರಂಗ ಹಾಯಿಸಿ ಹುಡುಕಬೇಕು. ಎಂಜಿನ್ ಕಳಚಿ ಒಂದೊಂದು ಭಾಗವನ್ನೂ ಪರೀಕ್ಷಿಸಬೇಕು. ಬಿಡಿಭಾಗಗಳನ್ನು ಈಗ ಯಾರೂ ತಯಾರಿಸುವುದಿಲ್ಲ, ಹಳೆಯ ನಕ್ಷೆ ನೋಡಿ ಹೊಸದಾಗಿ ಮಾಡಿಸಬೇಕು. ಹಣ ಬೇಕು, ವರ್ಷಗಳು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬಿರುಕು ಸಿಕ್ಕಾಗ "ಸಿಕ್ಕಿದೆ" ಎಂದು ಬರೆದಿಡುವ ಪ್ರಾಮಾಣಿಕತೆ ಬೇಕು.

ನಮ್ಮ ಮನಸ್ಸಿಗೂ ಪೆಟ್ಟುಗಳಿವೆ. ಶಾಲೆಯಲ್ಲಿ ಬೇರೆ ಕೂರಿಸಿದ್ದು, ಬಾಡಿಗೆ ಮನೆ ಕೇಳಿದಾಗ ಜಾತಿ ಕೇಳಿದ್ದು, ಆಫೀಸಿನಲ್ಲಿ ನಗುನಗುತ್ತಲೇ ಚುಚ್ಚಿದ್ದು. ದೀಕ್ಷೆ ತೆಗೆದುಕೊಂಡು ಮನೆಯ ಗೋಡೆಗೆ ಬುದ್ಧರ ಫೋಟೋ ಹಾಕಿದ್ದೇವೆ. ಒಳ್ಳೆಯದು. ಆದರೆ ಒಳಗೆ ಇನ್ನೂ ಯಾವ ಬಿರುಕು ಉಳಿದಿದೆ? ಕೀಳರಿಮೆಯೇ? ಕುಡಿತವೇ? ಹೆಂಡತಿ ಮಕ್ಕಳ ಮೇಲೆ ತೀರಿಸಿಕೊಳ್ಳುವ ಸಿಟ್ಟೇ? ನಮಗಿಂತ ಕೆಳಗಿನ ಒಳಜಾತಿ ಎಂದು ಮತ್ತೊಬ್ಬರನ್ನು ನೋಡುವ ಕಣ್ಣೇ? ಸಮ್ಮಾಸತಿ ಎಂದರೆ ಈ ಬಿರುಕುಗಳನ್ನು ಹುಡುಕುವ ದೀಪ.

*ಮೂರನೆಯದು: ಸಣ್ಣದೆಂದು ಬಿಡಬೇಡ*

ವಲ್ಕನ್ ಎಂಬ ಇನ್ನೊಂದು ಹಳೆಯ ಬ್ರಿಟಿಷ್ ಬಾಂಬರ್, ಎಕ್ಸ್‌ಎಚ್ 558. ಸೇವೆಯಿಂದ ನಿವೃತ್ತವಾಗಿ 1993ರಿಂದ ನೆಲದ ಮೇಲಿದ್ದ ಅದನ್ನು ಜನರ ದೇಣಿಗೆ ಮತ್ತು ಲಾಟರಿ ನಿಧಿಯ ನೆರವಿನಿಂದ ದುರಸ್ತಿ ಮಾಡಿ 2007ರ ಅಕ್ಟೋಬರ್ 18ರಂದು ಮತ್ತೆ ಹಾರಿಸಿದರು. ಹದಿನಾಲ್ಕು ವರ್ಷಗಳ ನಂತರದ ಹಾರಾಟ! ಆದರೆ 2012ರ ಮೇನಲ್ಲಿ, ತೇವ ಹೀರಲೆಂದು ಇಟ್ಟಿದ್ದ ಸಿಲಿಕಾ ಜೆಲ್ ಚೀಲಗಳು ಒಳಗೇ ಉಳಿದುಹೋಗಿ ಎಂಜಿನ್‌ಗೆ ಸೆಳೆಯಲ್ಪಟ್ಟವು. ಅದರ ಚೂರುಗಳು ಪಕ್ಕದ ಎಂಜಿನ್ನನ್ನೂ ಹಾಳುಮಾಡಿದವು. ಎರಡು ಎಂಜಿನ್ ಹೋದವು, ಕಾಪಾಡಲೆಂದು ಇಟ್ಟ ಚೀಲದಿಂದಲೇ. ತಂಡ ಕಾರಣ ಕಂಡುಕೊಂಡು, ಎಂಜಿನ್ ಬದಲಿಸಿ, ಅದೇ ವರ್ಷ ಮತ್ತೆ ಹಾರಿಸಿತು.

ಬುದ್ಧರು ಅಪ್ಪಮಾದವನ್ನು, ಅಂದರೆ ಎಚ್ಚರದಿಂದಿರುವುದನ್ನು ಅಷ್ಟು ಒತ್ತಿ ಹೇಳಿದ್ದು ಸುಮ್ಮನಲ್ಲ. ಸಂಘ ಒಡೆಯುವುದು ದೊಡ್ಡ ಶತ್ರುವಿನಿಂದಲೇ ಆಗಬೇಕಿಲ್ಲ. ಲೆಕ್ಕ ಬರೆಯದ ಚಂದಾ ಹಣ, ಗುಂಪಿನಲ್ಲಿ ಹಾಕಿದ ಒಂದು ಕೆಟ್ಟ ಮಾತು, ಅಷ್ಟು ಸಾಕು.

*ಕೊನೆಯದು: ಯುದ್ಧದ ಯಂತ್ರ ನಮಗೇಕೆ?*

ಪಂಚಶೀಲ ಪಾಲಿಸುವವರು ಯುದ್ಧವಿಮಾನದಿಂದ ಕಲಿಯಬಹುದೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಕೊಲ್ಲಲು ಮಾಡಿದ ಯಂತ್ರವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಅಂಗುಲಿಮಾಲನನ್ನು ನೆನೆಯಿರಿ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅವನ ಪರಿವರ್ತನೆಗೆ ಜಾಗ ಕೊಟ್ಟಿದ್ದಾರೆ. ಕೊಲ್ಲುತ್ತಿದ್ದ ಕೈ ಭಿಕ್ಷಾಪಾತ್ರೆ ಹಿಡಿಯಿತು. ಹಾಗಾದರೆ ಯಾವುದನ್ನೂ ಯಾರನ್ನೂ "ಇದು ಹೀಗೇ ಹುಟ್ಟಿದ್ದು, ಹೀಗೇ ಇರುತ್ತದೆ" ಎನ್ನಲಾಗದು. ನಮ್ಮನ್ನು ಹಾಗೆಂದವರಿಗೆ ನಾಗಪುರದಲ್ಲಿ 1956ರ ಅಕ್ಟೋಬರ್ 14ರಂದು ಉತ್ತರ ಸಿಕ್ಕಿತು.

ಇನ್ನೊಂದು ಮಾತು. ವಲ್ಕನ್ ವಿಮಾನ 2015ರ ಅಕ್ಟೋಬರ್ 28ರಂದು ಕೊನೆಯ ಬಾರಿ ಹಾರಿತು. ಅದಕ್ಕೆ ತಾಂತ್ರಿಕ ಬೆಂಬಲ ಕೊಡುತ್ತಿದ್ದ ಕಂಪನಿಗಳು ಮುಂದುವರಿಯಲಾಗದು ಎಂದವು. ಲಕ್ಷಾಂತರ ಜನ ಪ್ರೀತಿಸಿದರೂ ಸುರಕ್ಷಿತವಲ್ಲದ್ದನ್ನು ಹಾರಿಸಲಿಲ್ಲ. ಅನಿಚ್ಚ. ದುರಸ್ತಿ ಮಾಡಿದ್ದೂ ಒಂದು ದಿನ ನಿಲ್ಲುತ್ತದೆ. ಆದರೆ ಆ ಎಂಟು ವರ್ಷಗಳ ಹಾರಾಟ ವ್ಯರ್ಥವಾಯಿತೇ? ಇಲ್ಲ. ಅದನ್ನು ಮಾಡಿದ ಕೈಗಳಿಗೆ ಕೆಲಸ ಬಂತು, ನೋಡಿದ ಮಕ್ಕಳಿಗೆ ಕನಸು ಬಂತು. ನಮ್ಮ ಪ್ರಯತ್ನಗಳನ್ನೂ ಹೀಗೇ ನೋಡೋಣ: ಫಲಕ್ಕೆ ಅಂಟಿಕೊಳ್ಳದೆ, ಕೆಲಸದಲ್ಲಿ ಮೈಗಳ್ಳತನ ಮಾಡದೆ.

*ಇಂದಿನ ಅಭ್ಯಾಸ*

🔹 ಇಂದು ರಾತ್ರಿ ಹತ್ತು ನಿಮಿಷ ಸುಮ್ಮನೆ ಕುಳಿತು ನಿಮ್ಮೊಳಗಿನ ಒಂದೇ ಒಂದು ಬಿರುಕನ್ನು ಗುರುತಿಸಿ. ಅದರ ಕಾರಣವನ್ನು ಒಂದು ಸಾಲಿನಲ್ಲಿ ಬರೆದಿಡಿ.
🔹 "ಹಣೆಬರಹ", "ಗ್ರಹಚಾರ" ಎಂಬ ಮಾತು ಬಾಯಿಗೆ ಬಂದರೆ ಅಲ್ಲೇ ನಿಲ್ಲಿಸಿ, ಕಾರಣವೇನು ಎಂದು ಕೇಳಿ.
🔹 ನಿಮ್ಮ ಕೇರಿಯಲ್ಲಿ ಬಿದ್ದವರು ಯಾರಾದರೂ ಇದ್ದರೆ, ಪರೀಕ್ಷೆಯಲ್ಲೋ, ಸಾಲದಲ್ಲೋ, ಕುಡಿತದಲ್ಲೋ, ಬೈಯುವ ಮುನ್ನ ಅವರ ಪಕ್ಕ ಕುಳಿತು ಕೇಳಿ: ಎಲ್ಲಿ ಪೆಟ್ಟಾಗಿದೆ?

ಎಲ್ಲರೂ ಸುಖವಾಗಿರಲಿ. ಬಿದ್ದವರು ಏಳಲಿ, ಎದ್ದವರು ಇನ್ನೊಬ್ಬರಿಗೆ ಕೈ ಕೊಡಲಿ.

ಭವತು ಸಬ್ಬ ಮಂಗಲಂ
ಸಾಧು! ಸಾಧು! ಸಾಧು! 🙏
ಜೈ ಭೀಮ್, ನಮೋ ಬುದ್ಧಾಯ