ಅಕ್ಕಿಹಿಟ್ಟಿನ ಎಳೆ

ಹಿಡಿ ಅಕ್ಕಿ ನೆನೆಹಾಕಿ ನುಣ್ಣಗೆ ಅರೆದರೆ ಬಿಳಿ. ಅದೇ ಅಕ್ಕಿಯನ್ನು ಕರಕಲಾಗುವವರೆಗೆ ಹುರಿದು ಅರೆದರೆ ಕಪ್ಪು. ಕೆಂಪಿಗೆ ಕೆಮ್ಮಣ್ಣು, ಹಳದಿಗೆ ಕಾಡಿನ ಗುರಿಗೆ ಬೀಜ. ಸಾಗರ, ಸೊರಬ, ಹೊಸನಗರ, ಸಿದ್ದಾಪುರದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳ ಬಣ್ಣದ ಪೆಟ್ಟಿಗೆ ಇಷ್ಟೇ. ಇದಕ್ಕಾಗಿ ಪೇಟೆಗೆ ಹೋಗಬೇಕಿಲ್ಲ. ಗದ್ದೆ, ಗುಡ್ಡ, ಅಡುಗೆಮನೆ ಸುತ್ತಿ ಬಂದರೆ ಸಾಕು.

ಕುಂಚವೂ ಹಾಗೆಯೇ. ಪುಂಡಿ ಗಿಡದ ಕಡ್ಡಿಯನ್ನು ನೀರಲ್ಲಿ ಕೊಳೆಸಿ, ನಾರು ಬಿಡಿಸಿ ಒಣಗಿಸಿ, ಬೇಕಾದಷ್ಟು ಎಳೆ ಕತ್ತರಿಸಿಕೊಳ್ಳುತ್ತಾರೆ. ಅದ್ದು, ಒಂದು ಗೆರೆ ಎಳೆ. ಮತ್ತೆ ಅದ್ದು, ಅದರ ಮಗ್ಗುಲಲ್ಲೇ ಇನ್ನೊಂದು. ಚಿತ್ತಾರದ ಜೀವ ಇರುವುದು ಈ ಗೆರೆಗಳ ನಡುವಿನ ಅಂತರದಲ್ಲಿ. ಕೈ ಒಮ್ಮೆ ಅವಸರ ಮಾಡಿದರೂ ಇಡೀ ಗೋಡೆ ಅದನ್ನು ಹೇಳಿಬಿಡುತ್ತದೆ.

ಮದುವೆ ಮನೆಯ ಗೋಡೆಗೆ ಬರೆಯುವುದು ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ನೆಲೆಯ ಮೇಲೆ ಚೌಕದೊಳಗೆ ಚೌಕ, ಒಂದನ್ನೊಂದು ಹಾಯುವ ಎಳೆಗಳ ನಿಲಿ, ನಡುವೆ ದಂಡಿಗೆಯಲ್ಲಿ ಕುಳಿತ ಗಂಡು ಹೆಣ್ಣು. ಬರೆದವಳ ಹೆಸರು ಎಲ್ಲೂ ಇರುವುದಿಲ್ಲ.

ಇನ್ನೊಂದು ಭೂಮಣ್ಣಿ ಬುಟ್ಟಿ. ಆಶ್ವಯುಜದ ಹುಣ್ಣಿಮೆ ಹೊತ್ತಿಗೆ ಭತ್ತ ಹೊಡೆಯಾಗಿರುತ್ತದೆ. ಭೂತಾಯಿ ಬಸುರಿ, ಅವಳ ಬಯಕೆ ತೀರಿಸುವ ಹಬ್ಬ ಭೂಮಿ ಹುಣ್ಣಿಮೆ. ಹಬ್ಬಕ್ಕೆ ದಿನಗಳ ಮೊದಲೇ ಬುಟ್ಟಿಯ ಕೆಲಸ ಶುರು. ಬಿದಿರಿನ ಸಂದು ಮುಚ್ಚಲು ಸಗಣಿ ಮೆತ್ತಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಎಳೆ. ಗೋಡೆಯಾದರೆ ನಿಂತಲ್ಲೇ ನಿಲ್ಲುತ್ತದೆ; ಬುಟ್ಟಿಯನ್ನು ತೊಡೆಯ ಮೇಲಿಟ್ಟು ತಿರುಗಿಸುತ್ತ ಬರೆಯಬೇಕು. ಹೊರಟ ಗೆರೆ ಸುತ್ತು ಹಾಕಿ ಹೊರಟಲ್ಲಿಗೇ ಬಂದು ಸೇರಬೇಕು.

ಈ ಅಕ್ಕಿ ಸುಲಭಕ್ಕೆ ಬಂದದ್ದಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಜಗಳವಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಮನೆಯೊಳಗೆ ಎಳೆಯ ಅಂತರ ಅಳೆಯುವ ಕಣ್ಣು ಇದ್ದ ಕುಟುಂಬಗಳೇ ಕಣದಲ್ಲಿ ಕೊಳಗದ ಅಳತೆಗೂ ತಕರಾರು ತೆಗೆದವು.

ಈಗ ಊರಲ್ಲಿ ಮಣ್ಣಿನ ಗೋಡೆ ಕಡಿಮೆ. ಪೇಂಟ್ ಹೊಡೆದ ಸಿಮೆಂಟಿನ ಮೇಲೆ ಅಕ್ಕಿಹಿಟ್ಟು ಮಣ್ಣಿನ ಮೇಲೆ ಹಿಡಿದಂತೆ ಹಿಡಿಯುವುದಿಲ್ಲ. ಹೀಗಾಗಿ ಚಿತ್ತಾರ ಕಾಗದಕ್ಕೆ, ಬಟ್ಟೆಗೆ ಇಳಿದಿದೆ. ಎಷ್ಟೋ ಕಡೆ ಬಾಟಲಿಯ ಬಣ್ಣವೂ ಬಂದಿದೆ. ಸುರುಳಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟರೆ ಸಮುದ್ರವನ್ನೂ ದಾಟುತ್ತದೆ. ಬರೆದವಳಿಗೆ ನಾಲ್ಕು ಕಾಸು ಸಿಗುತ್ತದೆ, ಕೆಲವೊಮ್ಮೆ ಮೂಲೆಯಲ್ಲಿ ಅವಳ ಹೆಸರೂ ಇರುತ್ತದೆ. ಇದು ಸಣ್ಣ ಲಾಭವಲ್ಲ.

ಬುಟ್ಟಿ ಮಾತ್ರ ಇನ್ನೂ ಗದ್ದೆಗೇ ಹೋಗುತ್ತದೆ. ರಾತ್ರಿಯಿಡೀ ಬೇಯಿಸಿದ ಅಡುಗೆ ತುಂಬಿಕೊಂಡು, ಬೆಳಕು ಹರಿಯುವ ಮುನ್ನ ತಲೆಯೇರಿ ಹೊರಡುತ್ತದೆ. ಅಷ್ಟು ದಿನ ಕೂತು ಬರೆದ ಚಿತ್ತಾರ ಆ ಕತ್ತಲಲ್ಲಿ ಹೊತ್ತವರಿಗೂ ಕಾಣದು. ಪೈರಿಗೆ ಎಡೆಯಿಟ್ಟು, ಚರಗ ಬೀರಿ ಮುಗಿಯುವಾಗ ಗುಡ್ಡದ ಹಿಂದಿನಿಂದ ಬಿಸಿಲು ಬರುತ್ತದೆ. ಬದುವಿನ ಮೇಲೆ, ಖಾಲಿ ಬುಟ್ಟಿಯ ಮೈಯಲ್ಲಿ, ಬಿಳಿ ಎಳೆಗಳು ಒಂದೊಂದಾಗಿ ತೋರತೊಡಗುತ್ತವೆ.