ಗುರುಗಳು ಕೊಟ್ಟ ಮೌತ್‌ಪೀಸು

ಕ್ಲಾರಿನೆಟ್ಟಿನ ಮೌತ್‌ಪೀಸು ಬದಲಿಸಬೇಕೇ ಬೇಡವೇ ಎಂಬುದೂ ಒಂದು ನೀತಿಯ ಪ್ರಶ್ನೆಯೇ ಎಂದು ಓದುಗರು ನಗಬಹುದು. ಹಗಲೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಸಂಜೆ ಕಾಸರಗೋಡಿನ ಬಾಡಿಗೆ ಮನೆಯಲ್ಲಿ ಊದುವ ನನ್ನನ್ನು ಅದು ವರ್ಷದಿಂದ ಕಾಡುತ್ತಿತ್ತು.

ಇಪ್ಪತ್ತೆರಡು ವರ್ಷಗಳ ಹಿಂದೆ ಗುರುಗಳು ತಮ್ಮ ವಾದ್ಯದಿಂದಲೇ ಅದನ್ನು ಕಳಚಿ ಕೊಟ್ಟಿದ್ದರು. ಕರಿಯ ಎಬೊನೈಟಿನ ಮೇಲೆ ಅವರ ಹಲ್ಲಿನ ಗುರುತಿದೆ. ನನ್ನ ಹಲ್ಲೂ ಅಲ್ಲೇ ಕೂರುತ್ತದೆ. ಅದರ ತುದಿಯ ಬಾಯಿ ಅಗಲ. ತುಟಿ ತುಸು ಸಡಿಲಿಸಿದರೆ ಸ್ವರ ಬಾಗುತ್ತದೆ. ತೋಡಿಯ ಗಾಂಧಾರವನ್ನು ತೂಗಲು ಅದೇ ಬೇಕು. ಆದರೆ ಬಾಗುವ ಸ್ವರ ಜಾರಲೂ ಬಲ್ಲದು. ಈಚೆಗೆ ತಾರಸ್ಥಾಯಿಯಲ್ಲಿ ಕೀಚಲು ದನಿಯೂ ಹೊರಡತೊಡಗಿತ್ತು.

ತಿರುಚ್ಚಿಯ ಎ.ಕೆ.ಸಿ. ನಟರಾಜನ್ ಕ್ಲಾರಿನೆಟ್ಟನ್ನೂ ನಮ್ಮ ಕದ್ರಿ ಗೋಪಾಲನಾಥರು (1949–2019) ಸ್ಯಾಕ್ಸೋಫೋನನ್ನೂ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಪರದೇಶದ ವಾದ್ಯವನ್ನೇ ರಾಗಕ್ಕೆ ಬಗ್ಗಿಸಿದವರ ದಾರಿಯಲ್ಲಿ ಒಂದು ಎಬೊನೈಟಿನ ತುಂಡು ಪೂಜಾವಸ್ತುವಾಗಬೇಕಿಲ್ಲ. ಆದರೂ ಬದಲಿಸಲು ಮನಸ್ಸು ಬರಲಿಲ್ಲ. ಏಕೆ?

ಅದು ತಿಳಿದದ್ದು ಒಂದು ಮದುವೆಯಲ್ಲಿ. ಗಾಂಧಾರ ತಪ್ಪಿತು. ತವಿಲಿನವರು ನನ್ನತ್ತ ನೋಡಿದರು. “ಗುರುಗಳ ಮೌತ್‌ಪೀಸು, ಹಳೆಯದು” ಎಂದೆ, ಮಲಯಾಳದಲ್ಲಿ. ಅವರು ಗೌರವದಿಂದ ತಲೆದೂಗಿದರು. ನನ್ನ ತಪ್ಪಿಗೆ ಗುರುಗಳ ಹೆಸರನ್ನು ಜಾಮೀನು ಇಟ್ಟಿದ್ದೆ! ಎಷ್ಟು ವರ್ಷಗಳಿಂದ ಹೀಗೆ ಮಾಡುತ್ತಿದ್ದೆನೋ. ಕೃತಜ್ಞತೆ ಎಂದು ನಾನು ಕರೆಯುತ್ತಿದ್ದುದರಲ್ಲಿ ಮುಕ್ಕಾಲು ಪಾಲು ಭಯವೇ. ಹೊಸದರಲ್ಲೂ ಸ್ವರ ತಪ್ಪಿದರೆ ದೂರುವುದಕ್ಕೆ ಏನೂ ಉಳಿಯುವುದಿಲ್ಲವಲ್ಲ.

ಗೆಳೆಯರೊಬ್ಬರಿಂದ ಬಾಯಿ ಕಿರಿದಾದ ಮೌತ್‌ಪೀಸನ್ನು ಎರವಲು ತಂದು, ಅದಕ್ಕೆ ತಕ್ಕ ಗಟ್ಟಿ ರೀಡು ಹಾಕಿ ಊದಿದೆ. ಕೀಚಲು ಹೋಯಿತು. ಗಾಂಧಾರ ಮಾತ್ರ ಅಲ್ಲೂ ತನ್ನ ಜಾಗಕ್ಕೆ ಬರಲಿಲ್ಲ. ಹಳೆಯದನ್ನು ಬೆಳಕಿಗೆ ಹಿಡಿದು ನೋಡಿದರೆ, ರೀಡು ಕೂರುವ ಎರಡು ಅಂಚುಗಳಲ್ಲಿ ಒಂದು ಸವೆದಿತ್ತು. ಊದಿದ ಮೇಲೆ ದಿನವೂ ಭಕ್ತಿಯಿಂದ ಬಟ್ಟೆ ಎಳೆದೆಳೆದು ಒರೆಸಿದವನು ನಾನೇ.

ಕಳೆದ ಭಾನುವಾರ ಎರಡನ್ನೂ ಗುರುಗಳ ಮುಂದಿಟ್ಟು, ಮದುವೆಯಲ್ಲಿ ಆಡಿದ ಮಾತನ್ನೂ ಮುಚ್ಚಿಡದೆ ಹೇಳಿದೆ. ಅವರು ಹಳೆಯದರ ಅಂಚನ್ನು ಹೆಬ್ಬೆರಳಿನಿಂದ ಸವರಿ ಪಕ್ಕಕ್ಕಿಟ್ಟರು.

“ಹೊಸದಕ್ಕೆ ಎಷ್ಟನೇ ನಂಬರಿನ ರೀಡು?”

“ಮೂರು.”

“ಎರಡೂವರೆ ಹಾಕಿ ನೋಡು. ಈಗ ತೋಡಿ ಊದು, ಕೇಳುವ.”