‘ಇಲ್ಲ’ ಎನ್ನುವ ಹಕ್ಕು

ಸ್ವಲ್ಪ ಉಜ್ಜಿದರೂ ಚರ್ಮದಲ್ಲಿ ಗುಳ್ಳೆಯೇಳುವ ಹುಟ್ಟುಕಾಯಿಲೆಯೊಂದಿದೆ: ಎಪಿಡರ್ಮೊಲೈಸಿಸ್ ಬುಲ್ಲೋಸಾ. ಮಗುವಿನ ಚರ್ಮದ ಚೂರಿಗೆ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೇಲ್ಚರ್ಮವನ್ನು ಒಳಚರ್ಮಕ್ಕೆ ಬಿಗಿದಿಡುವ ಟೈಪ್ 7 ಕೊಲಾಜನ್ ಇದ್ದರೆ ಎರಡರ ನಡುವೆ ಹಸಿರು ಗೆರೆ. ಗೆರೆಯೇ ಕಾಣದಿದ್ದರೆ ಅದು ರೋಗದ ಉಗ್ರ ಬಗೆಯ ಸೂಚನೆ.

ಇಂಥ ಪ್ರತಿಕಾಯಗಳೊಂದಿಗೇ ದಿನ ಕಳೆಯುವ ನನ್ನನ್ನು ಕಾಡುವುದು ಆ ಕತ್ತಲೆ. ಹೊಳಪಿಗಾದರೂ ಅನುಮಾನದ ಶಿಸ್ತಿದೆ. ಹೊಳೆಯುವುದು ಕೊಲಾಜನ್ ಅಲ್ಲ, ಅದನ್ನು ಹಿಡಿದ ಪ್ರತಿಕಾಯದ ಬಣ್ಣ. 1941ರಲ್ಲಿ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಪ್ರತಿಕಾಯಕ್ಕೆ ಬಣ್ಣ ಕಟ್ಟಿ ತೋರಿಸಿದಾಗಿನಿಂದಲೂ ನಮ್ಮದು ಪರೋಕ್ಷ ಸಾಕ್ಷಿಯೇ. ಅದಕ್ಕೇ ಮೊದಲ ಪ್ರತಿಕಾಯ ಹಾಕದ ಸ್ಲೈಡನ್ನೂ ಪಕ್ಕದಲ್ಲಿಟ್ಟು ನೋಡುತ್ತೇವೆ.

ಕತ್ತಲೆಗೆ ಮಾತ್ರ ಕಾರಣಗಳು ಹಲವು. ಪ್ರತಿಕಾಯ ಹಳತಾಗಿರಬಹುದು. ಫಾರ್ಮಾಲಿನ್ ಪ್ರೋಟೀನುಗಳನ್ನು ಹೆಣೆದು, ಪ್ರತಿಕಾಯ ಹಿಡಿಯಬೇಕಾದ ಜಾಗವನ್ನೇ ಮುಚ್ಚಿರಬಹುದು. ಬೆಳಕಿಗೊಡ್ಡಿದ ಬಣ್ಣ ಮಾಸಿರಬಹುದು. ಎಕ್ಸ್‌ಪೋಷರ್ ಏರಿಸಿ ನೋಡೋಣವೆಂದರೆ ಒಳಚರ್ಮದ ನಾರುಗಳು ತಾವಾಗಿಯೇ ಮಂಕಾಗಿ ಮಿನುಗುತ್ತವೆ. ಬೇಕೆನ್ನುವವರಿಗೆ ಬೇಕಾದಷ್ಟು ಹಸಿರು ಸಿಗುತ್ತದೆ.

ಆರೋಗ್ಯವಂತರೊಬ್ಬರ ಚರ್ಮವನ್ನು ಅದೇ ದಿನ, ಅದೇ ಬಾಟಲಿಯ ಪ್ರತಿಕಾಯದಿಂದ ಬೆಳಗಿಸದೆ ಮಗುವಿನ ಸ್ಲೈಡಿಗೆ ‘ಇಲ್ಲ’ ಎಂದು ಬರೆಯುವುದು ನನ್ನ ಲೆಕ್ಕದಲ್ಲಿ ಸುಳ್ಳು, ಉತ್ತರ ಸರಿಯಾಗಿದ್ದರೂ. ಅದನ್ನು ಓದಲು ಹೊರಗೆ ತಾಯಿ ಕಾಯುತ್ತಿರುತ್ತಾಳೆ.